ಶಾಮಲಮ್ಮನವರ ಜಿಗಿಹುಳು ಸಂಶೋಧನೆ

ಕೋಲಾರ ಜಿಲ್ಲೆಯಲ್ಲಿ ಹೆದರಿಕೆ ಎಂದರೇನೆಂದು ತಿಳಿಯದ ಗಂಡಸು ಒಬ್ಬನೇ ಒಬ್ಬ, ಅದು ನಾನು. ಕಾಲೇಜಿನ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದಾಗ ನಾನು ಒಮ್ಮೆ ಕೆಮ್ಮಿದರೆ ಮುಳಬಾಗಿಲಿನಲ್ಲಿ ಬಸ್ಸು ನಿಲ್ಲುತ್ತಿತ್ತು. ಹೆದರಿಕೆಯೇ ಸೀರೆಯುಟ್ಟು ಬಂದಂತಿದ್ದವರು ಸಸ್ಯಶಾಸ್ತ್ರದ ಶಾಮಲಮ್ಮ ಮೇಡಂ.

ವಕ್ಕಲೇರಿಯ ಕಡೆ ರಾಗಿ ಬೆಳೆಯುವ ಮನೆಯವರು. ಪ್ರಿನ್ಸಿಪಾಲರ ಬಾಗಿಲು ತಟ್ಟುವ ಮೊದಲು ಬಾಗಿಲಿಗೇ ಒಂದು ನಮಸ್ಕಾರ ಹಾಕುವರು. ಕಂಡಕ್ಟರು ಚಿಲ್ಲರೆ ಕೊಡದಿದ್ದರೆ ತಾವೇ ಕ್ಷಮೆ ಕೇಳಿ ಇಳಿಯುವರು. ಆದರೆ ಮಾವಿನ ಹೂವಿನ ರಸ ಹೀರುವ ಜಿಗಿಹುಳುವಿನ ಮಾತು ಬಂದರೆ ಅವರನ್ನು ನಿಲ್ಲಿಸುವವರಿರಲಿಲ್ಲ. ಯಾವ ವಾರ ಯಾವ ತಳಿಗೆ ಎಷ್ಟು ಹುಳು ಬೀಳುತ್ತದೆಂದು ಮೂರು ವರ್ಷ ಸ್ವಂತ ಸಂಬಳದಲ್ಲಿ ಓಡಾಡಿ, ರಸ್ತೆ ಬದಿಯ ಮರಗಳಲ್ಲಿ ಎಣಿಸಿದ್ದರು. ಮುಂದಿನ ಕೆಲಸಕ್ಕೆ ತೋಟ ಬೇಕು, ಒಳ್ಳೆಯ ಸೂಕ್ಷ್ಮದರ್ಶಕ ಬೇಕು. ದಿಲ್ಲಿಯಿಂದ ಸಿಗುವ ಅನುದಾನಕ್ಕೆ ಎರಡು ಸಲ ಅರ್ಜಿ ಹಾಕಿದರು. ಎರಡೂ ವಾಪಸು ಬಂದವು. ಮೂರನೆಯದಕ್ಕೆ ಸಹಿ ಹಾಕುತ್ತಾ ಪ್ರಿನ್ಸಿಪಾಲರು, "ಇದೇ ಕೊನೆ ಕಣಮ್ಮಾ. ಇದೂ ಬರ್ಲಿಲ್ಲಾಂದ್ರೆ ಹುಳ ಬಿಟ್ಟು ಪಾಠ ನೋಡ್ಕೊಳ್ಳಿ" ಎಂದರು.

ಈ ಸಲ ಉತ್ತರ ಬಂತು. ಎಪ್ಪತ್ತೊಂಬತ್ತರ ಜನವರಿಯಲ್ಲಿ ಬೆಂಗಳೂರಿನಿಂದ ಒಬ್ಬ ತಜ್ಞರು ಬಂದು ಗುರುತು ಮಾಡಿದ ಮರಗಳನ್ನು ನೋಡುವರು. ಅವರು ಸರಿಯೆಂದರೆ ಅನುದಾನ. ಅಂದಿನಿಂದ ಮೇಡಂ ಊಟ ಬಿಟ್ಟರು. ಬೋರ್ಡಿನ ಮೇಲೆ ಎಲೆ ಬರೆಯಹೋದರೆ ಗರಗಸ ಮೂಡುತ್ತಿತ್ತು.

"ನಾನಿದ್ದೀನಲ್ಲ ಮೇಡಂ, ಜೊತೆಗೆ ಬರ್ತೀನಿ" ಎಂದೆ.

ಶ್ರೀನಿವಾಸಪುರದ ತೋಟದ ಯಜಮಾನ ಅಶ್ವತ್ಥಪ್ಪ ದೀಪಾವಳಿಯ ಹೊತ್ತಿಗೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಕೊಟ್ಟಿದ್ದ. ಆದರೆ ಅಲ್ಲಿನ ಪದ್ಧತಿ ಬೇರೆ. ಹೂವು, ಅಲ್ಲಿಯವರ ಬಾಯಲ್ಲಿ ಪೂತ, ಕಂಡ ಕೂಡಲೇ ಫಸಲು ಅದನ್ನು ಕೊಂಡ ವ್ಯಾಪಾರಿಯದಾಗುತ್ತದೆ; ಕಾಯಿ ಇಳಿಸುವ ತನಕ ಯಜಮಾನನೂ ಅವನನ್ನು ಕೇಳಿಯೇ ಕೊಂಬೆ ಮುಟ್ಟಬೇಕು. ರಾಗಿ ಹೊಲದ ಮೇಡಂಗೆ ಇದು ಗೊತ್ತಿರಲಿಲ್ಲ. ಆ ಪತ್ರ ಟೈಪು ಮಾಡಿದ ನನಗೂ ಹೊಳೆದಿರಲಿಲ್ಲ.

ತಜ್ಞರೊಂದಿಗೆ ತೋಟಕ್ಕೆ ಕಾಲಿಟ್ಟೆವು. ಕೆಂಪು ಬಟ್ಟೆ ಕಟ್ಟಿದ್ದ ಮೊದಲ ಮರದ ಹೂಗೊಂಚಲನ್ನು ಮೇಡಂ ಬಗ್ಗಿಸಿದರೋ ಇಲ್ಲವೋ, "ಎವರದಿ? ಪೂತದ ಮೇಲೆ ಕೈ ಇಟ್ಟೋರು ಯಾರು?" ಎಂಬ ತೆಲುಗು ಬೆರೆತ ಗರ್ಜನೆ ಕೇಳಿತು. ಹೂವಿನಲ್ಲೇ ಫಸಲು ಹಿಡಿದಿದ್ದ ವ್ಯಾಪಾರಿ ಪೆದ್ದಪ್ಪ! ಕೈಯಲ್ಲಿ ಕುಡುಗೋಲು, ಮುಂದೆ ಎರಡು ನಾಯಿ. ನಾಯಿ ಎಂದೆನೇ? ಹಲ್ಲು ಕಟ್ಟಿಸಿಕೊಂಡ ಎಮ್ಮೆ ಕರುಗಳು. ತಜ್ಞರು ಬಿಳಿಚಿಕೊಂಡು ಡೈರಿ ಮುಚ್ಚಿದರು. "ಅನುಮತಿಯೇ ಇಲ್ಲದ ತೋಟ! ಹೀಗೇ ಬರೀಬೇಕಾಗುತ್ತೆ" ಎಂದು ಹಿಂದೆ ಸರಿದರು.

ನಾನೆಲ್ಲಿದ್ದೆ? ಹೇಗೆ ಹತ್ತಿದೆನೋ ದೇವರಿಗೇ ಗೊತ್ತು. ಪಂಚೆ ಕೆಳಗೆ, ನಾನು ಮರದ ಮೇಲೆ. ಆ ಎತ್ತರದಿಂದ ಮಾಲೂರಿನ ಹೆಂಚಿನ ಕಾರ್ಖಾನೆಗಳ ಹೊಗೆ ಕಾಣುತ್ತಿತ್ತು. ಶಾಮಲಮ್ಮನವರ ಸೀರೆಯ ನೆರಿಗೆ ಗಾಳಿಯಿಲ್ಲದೆ ಅಲುಗುತ್ತಿದ್ದುದೂ ಕಾಣುತ್ತಿತ್ತು. ಆದರೂ ಅವರು ಒಂದು ಹೆಜ್ಜೆ ಮುಂದಿಟ್ಟರು.

"ಅಣ್ಣಾ, ಹೂವು ನಿಮ್ದೇ. ಒಂದೂ ಕೀಳಲ್ಲ."

"ಮತ್ತೆ ಏನಮ್ಮಾ ಬೇಕು?"

"ಹುಳ."

"ಹುಳನಾ?"

"ಹೂವಿನ ಮೇಲಿರೋ ಹುಳ. ಅದನ್ನೂ ನೀವೇ ವ್ಯಾಪಾರ ಮಾಡ್ಕೊಂಡಿದ್ದೀರಾ?"

ಪೆದ್ದಪ್ಪನ ಕುಡುಗೋಲು ಕೆಳಗಿಳಿಯಿತು. "ಅಯ್ಯೋ ತಾಯೀ, ಹೋದ್ವರ್ಷ ಅರ್ಧ ಪೂತ ಹಾಳು ಮಾಡಿದ್ದೇ ಆ ದರಿದ್ರದವು. ಒಂದೂ ಬಿಡ್ದಂಗೆ ಹಿಡ್ಕೊಂಡ್ ಹೋಗು!" ಎಂದು ನಾಯಿಗಳನ್ನು ಕಟ್ಟಿಹಾಕಿ, ಹುಳು ಹೆಚ್ಚಾಗಿದ್ದ ಮರಗಳನ್ನು ತಾನೇ ತೋರಿಸಿದ. ತಜ್ಞರು ಡೈರಿ ಮತ್ತೆ ತೆರೆದರು.

ಮಾರ್ಚಿನಲ್ಲಿ ಲಕೋಟೆ ಬಂತು. ಒಡೆಯಲು ಧೈರ್ಯ ಸಾಲದೆ ಮೇಡಂ ನನ್ನ ಕೈಗೆ ಕೊಟ್ಟರು. ಮಂಜೂರಾಗಿದೆ ಎಂದು ಓದಿದ ಮೇಲೂ, ಅದು ತಮ್ಮದೇ ಹೆಸರೇ ಎಂದು ಮೂರು ಸಲ ಓದಿಸಿದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಫಿ. ನಾನು ಎದೆಯುಬ್ಬಿಸಿ, "ಅವತ್ತು ನಾನು ಜೊತೆಗಿದ್ದಿದ್ದಕ್ಕೇ ಮೇಡಂ ಅಲ್ಲಿ ನಿಂತ್ಕೊಂಡಿದ್ದು" ಎಂದೆ.

ಶಾಮಲಮ್ಮ ಮೆಲ್ಲಗೆ ಲೋಟ ಕೆಳಗಿಟ್ಟರು.

"ನಿಂತ್ಕೊಳ್ದೆ ಏನ್ಮಾಡ್ಲಿ ಸಾರ್? ನಾನೂ ಮರ ಹತ್ತೋಣಾಂತಲೇ ಇದ್ದೆ. ಕೈಗೆ ಸಿಗೋ ಕೊಂಬೇಲೆಲ್ಲಾ ನೀವೇ ಕೂತ್ಬಿಟ್ಟಿದ್ರಲ್ಲ!"