ನೆಲದ ಟೆಂಟೋ, ಗಾಡಿ ಮೇಲಿನ ಟೆಂಟೋ

ಆ ಚಳಿಗಾಲದಲ್ಲಿ ನಮ್ಮ ಮನೆಯ ಜಗಳವೆಲ್ಲ ಒಂದೇ ವಿಷಯಕ್ಕೆ: ಮಲಗುವುದು ಗಾಡಿಯ ಮೇಲೋ, ನೆಲದ ಮೇಲೋ. ಹೊರಗಿನವರು ಕೇಳಿದರೆ ಏನೆಂದುಕೊಂಡಾರು ಎಂದು ನಾನು ಅಡುಗೆಮನೆಯ ಕಿಟಕಿ ಮುಚ್ಚಿಕೊಂಡೇ ವಾದಕ್ಕೆ ನಿಲ್ಲುತ್ತಿದ್ದೆ.

ನಾವಿರುವುದು ಕುವೈತಿನಲ್ಲಿ. ನಮ್ಮವರಿಗೆ ಫಹಾಹೀಲ್ ದಾಟಿ ಎಣ್ಣೆ ಕಂಪನಿಯ ಸೈಟಿನಲ್ಲಿ ಕೆಲಸ. ಅಲ್ಲಿ ಜೊತೆಯವರೆಲ್ಲ ಗಾಡಿಯ ನೆತ್ತಿಗೆ ಟೆಂಟು ಕಟ್ಟಿಸಿಕೊಂಡಿದ್ದರು. ದೊಡ್ಡ ಸೂಟ್‌ಕೇಸಿನಂಥದ್ದು ಅದು. ಮರುಭೂಮಿಯಲ್ಲಿ ಗಾಡಿ ನಿಲ್ಲಿಸಿ ಮುಚ್ಚಳ ಎತ್ತಿದರೆ ಟೆಂಟು ತಾನೇ ಎದ್ದು ನಿಲ್ಲುತ್ತದೆ, ಪಕ್ಕದಿಂದ ಏಣಿ ಇಳಿಯುತ್ತದೆ, ಹಾಸಿಗೆಯೂ ಒಳಗೇ ಇರುತ್ತದೆ. ಇವರು ಅದರ ವೀಡಿಯೊಗಳನ್ನು ಊಟದ ಮಧ್ಯೆಯೂ ನೋಡುತ್ತಿದ್ದರು. ನಾನು ನೆಲದ ಟೆಂಟಿನ ಪಕ್ಷ. ಕೋಲು, ಬಟ್ಟೆ, ಗೂಟ, ಎಲ್ಲ ಒಂದು ಚೀಲದಲ್ಲಿ. ಹಾಕಿದ ಮೇಲೆ ಅದು ಒಂದು ಮನೆ. ಮೊಸರು ಮರೆತು ಬಂದಿದ್ದರೆ ಗಾಡಿ ತೆಗೆದುಕೊಂಡು ಹೋಗಿ ತರಬಹುದು. ಮೇಲಿನದಾದರೆ ಮೊಸರಿಗೆ ಹೋಗಬೇಕಾದರೂ ಮನೆ ಮಡಚಬೇಕು.

"ಮೊಸರು ಮರೀಬ್ಯಾಡ, ಮುಗೀತು," ಎಂದರು ಇವರು.

"ಅಮ್ಮಾ, ಸ್ಕಾರ್ಪಿಯನ್ಸ್ ಕಾಂಟ್ ಕ್ಲೈಂಬ್ ಅ ಕಾರ್," ಎಂದು ಮಗಳು ಅಪ್ಪನ ಕಡೆ ಹಾರಿದಳು. ಅವಳು ಐದನೆಯ ತರಗತಿ. ನಾವು ಆಡುವ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ನೀ ಹೇಳಿದ್ದು ಚೇಳಿಗೆ ಗೊತ್ತೈತೇನ?" ಎಂದೆ.

ಆದರೆ ನನ್ನ ನಿಜವಾದ ಕಾರಣ ನಮ್ಮ ಅತ್ತೆ. ಅವರು ಬಾಗಲಕೋಟೆಯಿಂದ ವಿಸಿಟ್ ವೀಸಾದ ಮೇಲೆ ಬಂದಿದ್ದರು, ಸದ್ಯದಲ್ಲೇ ಹೊರಡುವವರಿದ್ದರು. ಬಲ ಮೊಣಕಾಲು ಸವೆದಿದೆ. ರಿಗ್ಗೈಯ ನಮ್ಮ ಫ್ಲ್ಯಾಟಿನಲ್ಲಿ ಲಿಫ್ಟು ಕೆಡದೆ ನಡೆಯುವ ದಿನಗಳಿಗಾಗಿಯೇ ನಾನು ಶಿವನಿಗೆ ಬೇರೆಯಾಗಿ ಕೈಮುಗಿಯುತ್ತಿದ್ದೆ. ಬಂದಾಗಿನಿಂದ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ. ಒಂದು ದಿನ ಬಾಲ್ಕನಿಯಲ್ಲಿ ನಿಂತು ಎದುರಿನ ಕಟ್ಟಡ ನೋಡುತ್ತಾ, "ಇಲ್ಲಿಗೆ ಬಂದ ಮ್ಯಾಲ ನಾ ಚುಕ್ಕಿ ನೋಡೇ ಇಲ್ಲ ನೋಡವಾ. ಎಲ್ಲೆರ ಬಯಲಾಗ ಒಂದು ರಾತ್ರಿ ಮಲಗಿ ಹೋಗಬೇಕು ಅನಸತೈತಿ," ಎಂದಿದ್ದರು. ನನ್ನ ಎರಡೂ ಬಾಣಂತನಗಳನ್ನು ಮಾಡಿ, ಎರಡನೆಯ ಕೂಸು ಉಳಿಯದೆ ಹೋದಾಗ ನನ್ನ ಪಕ್ಕದಲ್ಲೇ ಮಲಗಿದ ಹೆಂಗಸು ಅವರು. ಆ ಒಂದು ರಾತ್ರಿಯನ್ನು ನಾನು ಅವರಿಗೆ ಕೊಡಲೇಬೇಕಿತ್ತು. ಏಣಿ ಹತ್ತುವ ಟೆಂಟು ತಂದರೆ ಅವರು ಮನೆಯಲ್ಲೇ ಉಳಿಯುತ್ತಾರೆ. ಇಷ್ಟೇ ನನ್ನ ಲೆಕ್ಕ.

ಇನ್ನೊಂದು ತೊಡಕೂ ಇತ್ತು. ಹೇಳಿದರೆ ಇವರು ನಕ್ಕರು, ಅತ್ತೆ ನಗಲಿಲ್ಲ. ಎಲ್ಲಿಗೆ ಹೋದರೂ ನಮ್ಮ ಪೂಜೆಯ ಜಗಲಿಯ ದೇವರ ಸಣ್ಣ ಪೆಟ್ಟಿಗೆ ನಮ್ಮ ಜೊತೆ ಬರುತ್ತದೆ. ಅದು ಗಾಡಿಯ ಒಳಗಿರುತ್ತದೆ. ಗಾಡಿಯ ಮೇಲೆ ಮಲಗುವುದೆಂದರೆ ದೇವರ ಮೇಲೆ ಮಲಗಿದ ಹಾಗೇ ಅಲ್ಲವೇ?

"ಮುಂದಿನ ಸೀಟಿನಾಗ ಇಡು. ನಾವು ಹಿಂದಕ್ಕ ಕಾಲು ಮಾಡ್ತೇವಿ," ಎಂದರು ಇವರು.

"ಹಂಗಾದ್ರ ದೇವರಿಗೆ ಸೀಟ್ ಬೆಲ್ಟೂ ಹಾಕ್ರಿ," ಎಂದೆ.

ಕೊನೆಗೆ ಎರಡನ್ನೂ ಒಂದೊಂದು ಸಲ ನೋಡಿಯೇ ಬಿಡೋಣ ಎಂದಾಯಿತು. ಮೊದಲು ನನ್ನ ಸರದಿ. ಕೆಳಗಿನ ಮನೆಯಲ್ಲಿ ಮಂಗಳೂರು ಕಡೆಯ ಕ್ರಿಶ್ಚಿಯನ್ ಕುಟುಂಬ. ಆಕೆ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಮನೆಗೆ ಅವರ ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿ ಬರುತ್ತದೆ, ಅವರ ಮನೆಗೆ ನಮ್ಮ ಸಂಕ್ರಾಂತಿಯ ಮಾದಲಿ ಹೋಗುತ್ತದೆ. ಅವರು ತಮ್ಮ ನೆಲದ ಟೆಂಟನ್ನು ಕೇಳುವ ಮೊದಲೇ ಎತ್ತಿಕೊಟ್ಟರು. "ಮರಳಿನಲ್ಲಿ ಗೂಟ ನಿಲ್ಲುದಿಲ್ಲ ಆಯ್ತಾ. ಅಕ್ಕಿ ಚೀಲಕ್ಕೆ ಮರಳು ತುಂಬಿಸಿ ಅದಕ್ಕೇ ಹಗ್ಗ ಕಟ್ಟಿ," ಎಂದು ಖಾಲಿ ಚೀಲಗಳನ್ನೂ ಕೊಟ್ಟರು.

ಗುರುವಾರ ಸಂಜೆ ಸಾಲ್ಮಿ ರಸ್ತೆ ಹಿಡಿದು, ಟಾರು ಬಿಟ್ಟು ಒಳಕ್ಕೆ ಹೋದೆವು. ಟೆಂಟು ಚೆನ್ನಾಗಿಯೇ ಎದ್ದಿತು. ತಪ್ಪಿದ್ದು ಬಾಗಿಲು. ಇವರು ಅದನ್ನು ಗಾಡಿಯ ಕಡೆ ತಿರುಗಿಸಲು ಹೋದರೆ ಅತ್ತೆಯೂ ನಾನೂ ಒಂದೇ ದನಿಯಲ್ಲಿ, "ಮೂಡಣಕ್ಕ ಇರಲಿ," ಎಂದೆವು. ಮನೆಯೆಂದ ಮೇಲೆ ಬಾಗಿಲು ಮೂಡಣಕ್ಕೆ ಇರಬೇಕಲ್ಲವೇ? ಮುಂಜಾನೆ ಬೆಳಕು ನೇರ ಟೆಂಟಿನೊಳಗೆ ಇಟ್ಟ ದೇವರ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಕುವೈತಿನಲ್ಲಿ ಹವೆ ಕೆಡುವ ಮುಂಚೆ ಗಾಳಿ ಆ ದಿಕ್ಕಿನಿಂದಲೇ ಏಳುತ್ತದೆಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಇವರಿಗೆ ತಿಳಿದಿತ್ತು. ಅವ್ವ ಹೆಂಡತಿ ಒಂದಾದ ಅಪರೂಪದ ಗಳಿಗೆಯಲ್ಲಿ ನಾನೇಕೆ ಬಾಯಿಹಾಕಲಿ ಎಂದು ಸುಮ್ಮನಿದ್ದರಂತೆ.

ಹೊತ್ತು ಮುಳುಗುವಾಗ ಗಾಳಿ ಬಂತು. ಬಾಗಿಲಿನ ಜಿಪ್ಪು ಹಾಕುವಷ್ಟರಲ್ಲಿ ಟೆಂಟು ಪೂರಿಯ ಹಾಗೆ ಉಬ್ಬಿತು. ಅಕ್ಕಿ ಚೀಲಗಳು ಇದ್ದವು, ದೇವರು ದೊಡ್ಡವನು, ಇಲ್ಲದಿದ್ದರೆ ನಾವು ಇರಾಕಿನ ಗಡಿಯಲ್ಲಿ ಇಳಿಯುತ್ತಿದ್ದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಚಟ್ನಿಗಿಂತ ಮರಳೇ ಜಾಸ್ತಿ ಇತ್ತು. ಚುಕ್ಕಿಗಳು ಧೂಳಿನ ಹಿಂದೆ ಹೋದವು. ಅತ್ತೆ ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ. "ಬಯಲಂದ್ರ ಗಾಳಿ ಇರೂದ," ಎಂದು ಸೆರಗು ಹೊದ್ದು ಮಲಗಿದರು.

ಕಷ್ಟವೆಲ್ಲ ಬೆಳಗಿಗೆ ಕಾದಿತ್ತು. ಹಾಸಿಗೆ ನೆಲದ ಮೇಲೆ. ಮನೆಯಲ್ಲಿ ಮಂಚದಿಂದ ಕಾಲು ಇಳಿಬಿಟ್ಟು ಏಳುವ ಅತ್ತೆಗೆ ನೆಲದಿಂದ ಏಳಲು ಆಗಲೇ ಇಲ್ಲ. ನಾನು ಬಗ್ಗಿ ಕಂಕುಳಿಗೆ ಕೈಕೊಟ್ಟರೆ ನನ್ನ ತಲೆ ಟೆಂಟಿನ ಸೂರಿಗೆ ತಾಗುತ್ತಿತ್ತು. ಇವರು ಹೊರಗಿನಿಂದ ಕೈ ಹಿಡಿದು ಎಳೆದರು. "ಜಗ್ಗಬ್ಯಾಡೋ, ನಾ ಏನ್ ಮೂಟಿ ಏನು?" ಎಂದರು ಅತ್ತೆ. ಕೊನೆಗೆ ಮಗುಚಿ, ಕೈ ಊರಿ, ಅಂಬೆಗಾಲಿನಲ್ಲಿ ಆ ಸಣ್ಣ ಬಾಗಿಲಿನಿಂದ ಹೊರಬಂದರು. ನೆತ್ತಿಯ ಸೆರಗು ಎಂದೂ ಜಾರಗೊಡದವರು. ಅಂದು ಅದು ಮರಳಿನಲ್ಲಿ ಎಳೆದುಕೊಂಡು ಬಂತು. ಗಾಡಿಯ ಬಾಗಿಲು ಹಿಡಿದು ನಿಂತು, ಧೂಳು ಕೊಡವಿಕೊಂಡು, ಚಹಾ ಕುಡಿದು, ಮೆಲ್ಲಗೆ ಹೇಳಿದರು:

"ಇನ್ನ ಮುಂದ ನೀವಷ್ಟ ಹೋಗ್ರಿ. ನಾ ಮನ್ಯಾಗ ದೀಪಾ ನೋಡಿಕೋತ ಇರ್ತೇನಿ."

ವಾಪಸು ಬರುವಾಗ ಮಗಳು ಅಜ್ಜಿಯ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ಮೊಣಕಾಲಿಗೆ ಕಷ್ಟವಾಗಬಾರದೆಂದು ನಾನು ಹಟ ಹಿಡಿದು ಆರಿಸಿದ ಟೆಂಟೇ ಮೊಣಕಾಲಿಗೆ ಆಗಿಬರಲಿಲ್ಲ.

ಮುಂದಿನ ವಾರ ಇವರು ಶುವೈಖ್‌ನ ಗ್ಯಾರೇಜು ಸಾಲಿನಿಂದ ಮೇಲಿನ ಟೆಂಟು ಬಾಡಿಗೆಗೆ ಕಟ್ಟಿಸಿಕೊಂಡು ಬಂದರು. ಕಟ್ಟುವವನು ನನಗೆ, "ಭಾಭಿಜಿ, ಖೋಲೋ, ಸೀಢಿ ಡಾಲೋ, ಖಲಾಸ್," ಎಂದು ತೋರಿಸಿಕೊಟ್ಟ. ಏಣಿ ನೋಡಿ ಅತ್ತೆ, "ನಾ ಬರಂಗಿಲ್ಲ ಅಂದೇನಲ್ಲ," ಎಂದರು. ಬರುವಂತೆ ಮಾಡಿದ್ದು ಕೆಳಗಿನ ಮನೆಯ ನರ್ಸಮ್ಮ. ಅವರೂ ಈ ಸಲ ತಮ್ಮ ಗಾಡಿಯಲ್ಲಿ ನಮ್ಮ ಜೊತೆ ಹೊರಟಿದ್ದರು. "ನೀವು ಬಾರದಿದ್ರೆ ನಂಗೆ ಜೊತೆ ಯಾರು ಅಮ್ಮ? ಇವರೆಲ್ಲ ಫೋನ್ ನೋಡುವವರು. ನಿಮಗೆ ಮಲಗ್ಲಿಕ್ಕೆ ಗಾಡಿಯ ಸೀಟು ಉಂಟಲ್ಲ," ಎಂದರು. ಹಿಂದಿನ ಸೀಟು ಮಡಚಿ ಅತ್ತೆಗೆ ಒಳಗೇ ಹಾಸಿಗೆ ಮಾಡುವುದೆಂದಾಯಿತು.

ಕೊಲ್ಲಿಯ ಮೇಲಿನ ಉದ್ದ ಸೇತುವೆ ದಾಟಿ ಸುಬಿಯಾ ಕಡೆ ಹೋದೆವು. ಗಾಳಿ ಇರಲಿಲ್ಲ. ಅದೇ ಒಂದು ದೊಡ್ಡ ವರ ಎಂದುಕೊಂಡೆ. ಇವರು ಮುಚ್ಚಳ ಎತ್ತಿ, ಟೆಂಟು ಅರಳಿಸಿ, ಏಣಿ ಇಳಿಸಿ, ಮದುವೆ ಮನೆಯ ಮಾವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮಗಳು ಮಂಗನಂತೆ ಹತ್ತಿಬಿಟ್ಟಳು. ನಾನು ರೊಟ್ಟಿಗೆ ಹಿಟ್ಟು ನಾದಲು ಕೂತೆ. ತಲೆಯೆತ್ತಿದರೆ ಅತ್ತೆ ಏಣಿಯ ಕೆಳಗೆ ನಿಂತು, ಒಂದು ಮೆಟ್ಟಿಲನ್ನು ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು.

"ಗಟ್ಟಿ ಐತೇನಲೇ ಇದು?"

"ಗಟ್ಟಿ ಐತಿ ಅವ್ವಾ. ಯಾಕ?"

"ನಮ್ಮ ಮನಿ ಮಾಳಗಿಗೆ ಬಿದರಿನ ನಿಚ್ಚಣಕಿ ಇತ್ತು. ತಲಿ ಮ್ಯಾಲ ಮೆಣಸಿನಕಾಯಿ ಬುಟ್ಟಿ ಹೊತ್ತು ಏರತಿದ್ದೆ. ಅದಕ್ಕಿಂತ ಇದು ಭೇಷಿ ಐತಿ ಅನಸತೈತಿ."

ಹಿಟ್ಟಿನ ಕೈಯಲ್ಲೇ ಓಡಿದೆ. "ಅತ್ತೀ, ಬ್ಯಾಡ್ರಿ! ಬಿದ್ದರ ಏನ್ ಗತಿ?"

"ಕೇಳಿದ್ರೇನು ಅವರನ್ನು ಯಾರಾದ್ರೂ?" ಎಂದರು ನರ್ಸಮ್ಮ. "ಎಲ್ಲ ನೀವೇ ಮಾತಾಡುದು ಮಾರಾಯ್ರೆ. ಕೈಯಲ್ಲಿ ಬಲ ಉಂಟು, ಹಿಡ್ಕೊಳ್ಳಿಕ್ಕೆ ಎರಡೂ ಕಡೆ ಉಂಟು. ನಾವು ಇಬ್ಬರು ಹಿಂದೆ ಇರುವ." ಅತ್ತೆಯ ಕಡೆ ತಿರುಗಿ, "ಅಮ್ಮ, ಹತ್ತುವಾಗ ಒಳ್ಳೆ ಕಾಲು ಮೊದಲು. ನೋವಿನ ಕಾಲು ಅದರ ಹಿಂದೆ ಬರ್ಲಿ. ಇಳಿಯುವಾಗ ನೋವಿನ ಕಾಲು ಮೊದಲು. ಮುಖ ಯಾವಾಗಲೂ ಏಣಿಗೆ," ಎಂದರು.

ಅತ್ತೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಎಡಗಾಲು ಮೇಲೆ, ಬಲಗಾಲು ಅದರ ಪಕ್ಕಕ್ಕೆ. ಮತ್ತೆ ಎಡಗಾಲು. ಇವರು ಹಿಂದೆ ಎರಡೂ ಕೈ ಚಾಚಿಕೊಂಡು ನಿಂತಿದ್ದರು. ನಾನು ಪಂಚಾಕ್ಷರಿ ಹೇಳುತ್ತಿದ್ದೆ, ನನ್ನ ಪಕ್ಕದಲ್ಲಿ ನರ್ಸಮ್ಮನ ಬಾಯಲ್ಲೂ ಏನೋ ಪ್ರಾರ್ಥನೆ ಓಡುತ್ತಿತ್ತು. ನೋಡುನೋಡುತ್ತಿದ್ದಂತೆ ಅತ್ತೆ ಮೇಲಿನ ಅಂಚಿಗೆ ತಲುಪಿ, ಮೆಲ್ಲಗೆ ತಿರುಗಿ, ಕಾಲು ಇಳಿಬಿಟ್ಟು ಕೂತರು. ಕಟ್ಟೆಯ ಮೇಲೆ ಕೂತ ಹಾಗೆ. ಮೊಣಕಾಲು ಮಡಚುವ ಕೆಲಸವೇ ಇಲ್ಲ.

"ಏ, ಇದು ಕುಂದರಾಕ ಛಲೋ ಐತೆಲೇ," ಎಂದರು. ಸುತ್ತಲೂ ಒಮ್ಮೆ ನೋಡಿ, "ದೇವರ ಪೆಟಗಿ ಕೊಡ್ರಿ ಮ್ಯಾಲ. ನಾವೆಲ್ಲಾ ಇಲ್ಲಿ ಇದ್ದು ಆತನ್ನ ಕೆಳಗ ಯಾಕ ಬಿಡೂದು?" ಎಂದರು.

ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ವಾರಗಟ್ಟಲೆ ವಾದಿಸಿದ್ದಕ್ಕೆ ಇಷ್ಟು ಸರಳ ಉತ್ತರ. ಇವರು ಪೆಟ್ಟಿಗೆಯನ್ನು ಶಲ್ಯದಲ್ಲಿ ಬೆನ್ನಿಗೆ ಕಟ್ಟಿಕೊಂಡು ಹತ್ತಿ ತಲೆದಿಂಬಿನ ಕಡೆ ಇಟ್ಟರು.

ರೊಟ್ಟಿ ಮೇಲಕ್ಕೇ ಹೋದವು. ಕತ್ತಲಾದಂತೆ ಚುಕ್ಕಿಗಳು ಬಂದವು, ಒಂದರ ಹಿಂದೆ ಒಂದಲ್ಲ, ಹಿಟ್ಟು ಚೆಲ್ಲಿದ ಹಾಗೆ ಎಲ್ಲವೂ ಒಟ್ಟಿಗೆ. ಅತ್ತೆ ಬೆರಳು ಮಾಡಿ ಮೊಮ್ಮಗಳಿಗೆ ತೋರಿಸುತ್ತಿದ್ದರು. ಮಗಳು "ವಾವ್ ಅಜ್ಜಿ" ಎನ್ನುತ್ತಿದ್ದಳು. ನಾನು ಕೆಳಗೆ ಪಾತ್ರೆ ಒರೆಸುತ್ತಾ ಅದನ್ನೇ ಕೇಳಿಸಿಕೊಂಡೆ. ಕಾಲು ನಡುಗಿಸಿಕೊಂಡು ಕೊನೆಗೆ ಏಣಿ ಹತ್ತಿದವಳು ನಾನು. "ಹೊಳ್ಳಿ ನೋಡಬ್ಯಾಡ, ಬಾ," ಎಂದು ಕೈಕೊಟ್ಟವರು ಅತ್ತೆ.

ಬೆಳಗಾಗುವ ಹೊತ್ತಿಗೆ ಟೆಂಟಿನ ಬಟ್ಟೆ ಇಬ್ಬನಿಯಿಂದ ಒದ್ದೆಯಾಗಿತ್ತು, ಒಳಗೆ ನಾವು ಬೆಚ್ಚಗೆ. ಅತ್ತೆ ಎದ್ದು ಅಂಚಿಗೆ ಸರಿದು, ಬಾಟಲಿ ನೀರಿನಲ್ಲಿ ಮುಖ ಕೈ ತೊಳೆದು, ವಿಭೂತಿ ಹಚ್ಚಿ, ಕಾಲು ಇಳಿಬಿಟ್ಟುಕೊಂಡೇ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರು. ಆಗ ತಿಳಿದದ್ದು ಮೇಲಿನ ಟೆಂಟಿನ ಒಂದೇ ಒಂದು ದೋಷ. ಒಳಗೆ ಒಬ್ಬರು ಹೊರಳಿದರೆ ಇಡೀ ಗಾಡಿ ತೂಗುತ್ತದೆ.

"ಯಾರೂ ಅಳ್ಳಾಡಬ್ಯಾಡ್ರಿ," ಎಂದರು ಅತ್ತೆ, ತಿರುಗಿ ನೋಡದೆ.

ನಾವು ಮೂವರೂ ಅಟ್ಟಕ್ಕೆ ಪೇರಿಸಿಟ್ಟ ದಿಂಬುಗಳಂತೆ ಮಲಗಿದೆವು. ಇವರಿಗೆ ಸೀನು ಬಂತು. ಮೂಗು ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ತಡೆದರು. ಮಗಳು ಬಾಯಿಗೆ ದುಪ್ಪಟಿ ತುರುಕಿಕೊಂಡಳು. ಅತ್ತೆಯ ಬೆನ್ನಿನ ಆಚೆ ಬಯಲು ಮೊದಲು ಬೂದುಬಣ್ಣವಾಗಿ, ಆಮೇಲೆ ಕೆಂಪಾಗಿ ತೆರೆದುಕೊಂಡಿತು. ಅಡ್ಡ ಒಂದು ಗೋಡೆಯಿಲ್ಲ, ಕಂಬವಿಲ್ಲ. ಶಿವನೇ, ಇಷ್ಟು ಕೊಟ್ಟೆಯಲ್ಲ ಸಾಕು ಎಂದುಕೊಂಡೆ. ಕೊನೆಗೆ ಲಿಂಗ ಕಣ್ಣಿಗೊತ್ತಿಕೊಂಡು ಅವರು ಕೈಮುಗಿದರು. ಇವರ ಸೀನು ಆಗ ಹೊರಬಿತ್ತು, ಗಾಡಿ ತೊಟ್ಟಿಲಿನಂತೆ ತೂಗಿತು.

ಇಳಿಯುವುದು ಹತ್ತಿದಷ್ಟು ಸುಲಭವಿರಲಿಲ್ಲ. ನರ್ಸಮ್ಮ ಕೆಳಗೆ ನಿಂತು ಅತ್ತೆಯ ಹಿಮ್ಮಡಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಟ್ಟರು. "ನೋವಿನದ್ದು... ಹಾಂ, ಈಗ ಒಳ್ಳೇದು." ನಡುವೆ ಒಮ್ಮೆ ಅತ್ತೆ ನಿಂತು ಉಸಿರು ತೆಗೆದುಕೊಂಡರು. ಆಮೇಲೆ ಕಾಲು ಮರಳಿಗೆ ತಾಗಿತು. ಅತ್ತೆ ಸೆರಗು ಸರಿಮಾಡಿಕೊಂಡು, ಏಣಿಗೆ ಒಂದು ಏಟು ತಟ್ಟಿ ಮಗನಿಗೆ ಹೇಳಿದರು:

"ಇದನ್ನ ವಾಪಸ್ ಕೊಡಬ್ಯಾಡಲೇ. ಬರೂ ವಾರನೂ ಇರಲಿ."

"ಬರೂ ವಾರ ನೀ ಮನ್ಯಾಗ ದೀಪಾ ನೋಡಿಕೋತ ಇರ್ತೇನಿ ಅಂದಿದ್ದೆಲ್ಲ ಅವ್ವಾ?"

"ದೀಪಾ ನೋಡಿಕೋಳಾಕ ಈಕಿ ಇರ್ತಾಳ. ನಿನ್ನೆ ಏಣಿ ಹತ್ತೂವಾಗ ನಡಗಾಕತ್ತಿದ್ದಳು," ಎಂದು ನನ್ನ ಕಡೆ ಗಲ್ಲ ಎತ್ತಿ ತೋರಿಸಿ, ಚಹಾದ ಲೋಟ ಹಿಡಿದು ನರ್ಸಮ್ಮನ ಕುರ್ಚಿಯ ಕಡೆ ಕುಂಟುತ್ತಾ ನಡೆದರು.