ಗದ್ದದಕ್ಕ ನೆರಳಿನ ಜೊತೆ ರಾಜಿಯಾದದ್ದು

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಬೀಗ ರಿಪೇರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒಂದು ಸ್ಟುಡಿಯೋ ಇದೆ. ಮದುವೆಗೂ ಮುಂಚಿನಿಂದ ಅವಳು ಅಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತಿದ್ದಾಳೆ. ಸ್ಟೂಲಿನ ಮೇಲೆ ಕೂತವರು ಯಾರೇ ಆಗಿರಲಿ, ನ್ಯಾಯಾಧೀಶರಾದರೂ ಸರಿ, ಮೀನು ಮಾರುವವಳಾದರೂ ಸರಿ, "ಗದ್ದ ಸ್ವಲ್ಪ ಮೇಲೆ" ಎನ್ನುವುದು ತಪ್ಪಿದ್ದಲ್ಲ. ಹಾಗಾಗಿ ಊರಿಗೆಲ್ಲ ಅವಳು ಗದ್ದದಕ್ಕ. ಪಕ್ಕದ ಔಷಧಿ ಅಂಗಡಿಯಲ್ಲಿ ಕೂರುವ ಅವಳ ಗಂಡ ಕೂಡ, ಜಗಳವಿಲ್ಲದ ದಿನ, ಹಾಗೆಯೇ ಕರೆಯುತ್ತಾನೆ.

ಗದ್ದದಕ್ಕನಿಗೆ ಜನ್ಮವೈರಿ ಅಂತ ಇದ್ದರೆ ಅದು ನೆರಳು. ಮೂಗಿನ ಕೆಳಗೋ ಕಿವಿಯ ಹಿಂದೋ ಒಂದಿಷ್ಟು ಮಬ್ಬು ಬಿದ್ದರೆ ಸಾಕು, ಕಚೇರಿಯವರು ಫೋಟೋ ವಾಪಸು ಕಳಿಸುತ್ತಾರೆ. ಅದಕ್ಕೇ ಎರಡು ಕಡೆ ಛತ್ರಿ ದೀಪ, ಎದುರಿಗೆ ಫ್ಲ್ಯಾಶ್, ಗಿರಾಕಿಯ ಮಡಿಲಲ್ಲಿ ಒಂದು ಬಿಳಿ ರಟ್ಟು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಗಂಡನ ಮುಖದ ಮೇಲೆ ನೆರಳು ಕಂಡರೆ ಅವಳಿಗೆ ತುತ್ತು ಇಳಿಯುವುದಿಲ್ಲ.

"ಸ್ವಲ್ಪ ಈ ಕಡೆ ತಿರುಗಿ ಅಂದ್ರೆ."

"ಊಟ ಮಾಡೋಕೂ ಎರಡು ಕಿವಿ ಕಾಣ್ಬೇಕೇನೆ?" ಎಂದು ಗೊಣಗುತ್ತಲೇ ಅವನು ತಿರುಗುತ್ತಾನೆ.

ಇಂಥವಳಿಗೆ ಕಡಲಿನ ಹುಚ್ಚು ಹಿಡಿಸಿದವಳು ತಂಗಿ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಹೇಳಿಕೊಡುವ ಈ ತಂಗಿ, ನಲವತ್ತು ದಾಟಿದ ಮೇಲೆ ಸರ್ಫಿಂಗ್ ಕಲಿತಳು. ಹಲಗೆಯ ಮೇಲೆ ನಿಂತು ಅಲೆಯ ಬೆನ್ನೇರಿ ಬರುವ ಆಟ ಅದು. ನಿಂತಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಬಿದ್ದಾಗಲೇ ಅವಳಿಗೆ ಖುಷಿಯೂ ಹೆಚ್ಚು. ಅವಳ ಕ್ಲಬ್ಬಿನ ಗೋಡೆಯ ಮೇಲೆ ಪ್ರತಿಯೊಬ್ಬ ಸದಸ್ಯರದೂ ಒಂದೊಂದು ಕಪ್ಪು-ಬಿಳುಪು ಚಿತ್ರ ಇರುತ್ತದೆ. ಎಲ್ಲವನ್ನೂ ತೆಗೆದವನು ಒಬ್ಬನೇ ಮುದುಕ. ಅವನ ಚಿತ್ರಗಳಲ್ಲಿ ಕಡಲು ಕಾಡಿಗೆಯಷ್ಟು ಕಪ್ಪು, ಆಕಾಶ ತಲೆಯ ಮೇಲೆ ಬೀಳುವಷ್ಟು ಭಾರ. ಅದಕ್ಕೇ ಮೋಡದಜ್ಜ ಅಂತ ಹೆಸರು. ಅಜ್ಜ ಕ್ಯಾಮೆರಾ ಬದಿಗಿಟ್ಟು ಮಗಳ ಊರಿಗೆ ಹೋದ ಮೇಲೆ ಕ್ಲಬ್ಬು ಸೇರಿದವಳು ತಂಗಿ. ಹಾಗಾಗಿ ಅವಳ ಜಾಗದಲ್ಲಿ ಬರೀ ಮೊಳೆ ಇತ್ತು.

"ಖಾಲಿ ಇರ್ಲಿ ಬಿಡಿ, ನಮ್ಮಕ್ಕ ತೆಗೀತಾಳೆ," ಎಂದು ತಂಗಿ ಎಲ್ಲರೆದುರು ಸಾರಿಬಿಟ್ಟಳು. "ಅಜ್ಜನ ಚಿತ್ರದ ಪಕ್ಕ ಇಟ್ರೆ ಯಾವ್ದು ಯಾರ್ದು ಅಂತ ನಿಮಗೆ ಗೊತ್ತೇ ಆಗಲ್ಲ, ನೋಡ್ತಿರಿ."

ಸುದ್ದಿ ಗದ್ದದಕ್ಕನ ಕಿವಿಗೂ ಬಿತ್ತು. ತನ್ನ ಹೆಸರು ಕೆಟ್ಟರೆ ಹೋಗಲಿ, ಅಷ್ಟು ಜನರ ಮುಂದೆ ತಂಗಿಯ ಮಾತು ಸುಳ್ಳಾಗಬಾರದು. ಚಿಕ್ಕಂದಿನಿಂದ "ನಮ್ಮಕ್ಕ, ನಮ್ಮಕ್ಕ" ಎಂದು ತನ್ನನ್ನು ಮೆರೆಸಿದವಳು ಅವಳೊಬ್ಬಳೇ.

ಮಧ್ಯಾಹ್ನ ಸ್ಟುಡಿಯೋದ ಬಾಗಿಲೆಳೆದು ಕ್ಲಬ್ಬಿಗೆ ಹೋದಳು. ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು, ಗೊತ್ತಿದ್ದ ಅಳತೆಯಿಂದಲೇ ಅಜ್ಜನನ್ನು ಅಳೆಯತೊಡಗಿದಳು. ಕಿವಿ? ಒಬ್ಬರಿಗೂ ಇಲ್ಲ. ಮುಖ? ಎಳ್ಳುಕಾಳಿನಷ್ಟು. ಈ ಅಜ್ಜ ತನ್ನ ಸ್ಟುಡಿಯೋದಲ್ಲಿ ಕೂತಿದ್ದರೆ ವಾರದೊಳಗೆ ಬಾಗಿಲು ಹಾಕಬೇಕಾಗುತ್ತಿತ್ತು. ಆದರೂ ಕಣ್ಣು ಕೀಳಲಾಗಲಿಲ್ಲ. ಅಷ್ಟಗಲ ಕಪ್ಪಿನ ನಡುವೆ ನೊರೆಯ ಒಂದೇ ಒಂದು ಬಿಳಿ ಗೆರೆ, ಅದರ ತುದಿಯಲ್ಲಿ ಬಾಗಿ ನಿಂತ ಒಂದು ಪುಟ್ಟ ಮೈ. ಇಷ್ಟು ಕಡಿಮೆ ತೋರಿಸಿ ಇಷ್ಟು ಹೇಳುವುದು ಹೇಗೆ?

"ದುಃಖ," ಎಂದು ಕೊನೆಗೆ ತೀರ್ಮಾನಿಸಿದಳು. "ಮೋಡ, ಮಬ್ಬು, ದುಃಖ. ಗುಟ್ಟು ಇಷ್ಟೇ."

ಅಲ್ಲಿಂದ ಮುಂದೆ ಮೋಡ ಕವಿದ ಬೆಳಿಗ್ಗೆಯೆಲ್ಲ ಕಡಲ ದಂಡೆಗೆ ಓಟ.

"ನಗಬೇಡ ಕಣೆ," ಎಂದು ತಂಗಿಗೆ ತಾಕೀತು. "ಏನೋ ಕಳ್ಕೊಂಡವಳ ಹಾಗೆ ನಿಲ್ಲು."

"ಏನು ಕಳ್ಕೊಂಡಿದೀನಿ ಅಂದ್ಕೊಳ್ಲಿ?"

"ಏನಾದ್ರೂ. ಮನೆ ಬೀಗದ ಕೈ."

ತಂಗಿ ಬೀಗದ ಕೈ ಕಳೆದುಕೊಂಡವಳ ಮುಖ ಮಾಡಿಕೊಂಡು ಅಲೆ ಏರಿದಳು, ನಗು ತಡೆಯಲಾರದೆ ಬಿದ್ದು ಉಪ್ಪುನೀರು ಕುಡಿದಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ತಂಗಿ ಹತ್ತಿರ ಬಂದಾಗ ಗದ್ದದಕ್ಕನ ಕೈ ತಾನಾಗಿ ಫ್ಲ್ಯಾಶ್ ಕೂಡ ಹೊಡೆಯಿತು. ಚಿತ್ರಗಳು ಪಾತ್ರೆ ತೊಳೆದ ನೀರಿನ ಬಣ್ಣದಲ್ಲಿ ಬಂದವು. ಅತ್ತ ಕಪ್ಪೂ ಅಲ್ಲ, ಇತ್ತ ಬಿಳುಪೂ ಅಲ್ಲ.

"ಸಮುದ್ರಕ್ಕೆ ಜ್ವರ ಬಂದ ಹಾಗಿದೆ," ಎಂದ ಗಂಡ. ಔಷಧಿ ಅಂಗಡಿಯವನಿಗೆ ಇನ್ನೇನು ಹೊಳೆದೀತು! ಗದ್ದದಕ್ಕನಿಗೆ ಮಾತ್ರ ನಗು ಬರಲಿಲ್ಲ. ಕ್ಲಬ್ಬಿನ ವಾರ್ಷಿಕ ಕೂಟ ಹತ್ತಿರ ಬಂದಿತ್ತು. ಅವತ್ತು ಎಲ್ಲರೂ ಆ ಗೋಡೆಯ ಮುಂದೆಯೇ ನಿಲ್ಲುವವರು.

ಮತ್ತೆ ಕುರ್ಚಿ, ಮತ್ತೆ ಗೋಡೆ. ಈ ಸಲ ಕೈಯಲ್ಲಿ ಭೂತಗನ್ನಡಿ. ಒಂದು ಚಿತ್ರದಲ್ಲಿ ಹುಡುಗಿಯೊಬ್ಬಳು ಹಲಗೆ ಹೊತ್ತು ಮರಳಿನ ಮೇಲೆ ನಡೆದು ಬರುತ್ತಿದ್ದಳು. ಅವಳ ಕಾಲ ಬುಡದಲ್ಲಿ ನೆರಳು! ವೈರಿಯನ್ನು ಕಂಡ ಗದ್ದದಕ್ಕ ಬಗ್ಗಿ ನೋಡಿದಳು. ಗಿಡ್ಡ ನೆರಳು, ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ಚೂಪು, ಬಿದ್ದಿರುವುದು ನೋಡುವವರ ಕಡೆಗೆ. ಮೋಡ ಇದ್ದರೆ ಇಂಥ ನೆರಳು ಎಲ್ಲಿಂದ ಬರಬೇಕು? ಇದು ನೆತ್ತಿ ಸುಡುವ ಬಿಸಿಲು, ಅದೂ ಕ್ಯಾಮೆರಾದ ಎದುರಿಗೆ. ಅಜ್ಜ ಸೂರ್ಯನಿಗೆ ಮುಖ ಮಾಡಿ ನಿಂತು, ಹೊಳೆಯುವ ನೊರೆಗೆ ಎಷ್ಟು ಬೇಕೋ ಅಷ್ಟೇ ಬೆಳಕನ್ನು ಒಳಗೆ ಬಿಟ್ಟಿದ್ದ. ಮಿಕ್ಕಿದ್ದೆಲ್ಲ ತಾನಾಗಿ ಕಪ್ಪಾಗಿತ್ತು. ಊರೆಲ್ಲ ಮೋಡ ಅಂದುಕೊಂಡದ್ದು ಬಿಸಿಲಿನ ಕೆಲಸ!

ಗದ್ದದಕ್ಕ ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ವರ್ಷ ಅಟ್ಟಿ ಅಟ್ಟಿ ಓಡಿಸಿದ ನೆರಳೇ ಕರೆದು ಗುಟ್ಟು ಹೇಳಿತ್ತು.

ಮುಂದಿನ ರಜೆಯ ದಿನ ಬಿಸಿಲು ಕಾದಿತ್ತು. ಫ್ಲ್ಯಾಶನ್ನು ಮನೆಯಲ್ಲೇ ಬಿಟ್ಟು, ಸೂರ್ಯ ಎದುರಾಗುವಂತೆ ಬಂಡೆಯ ಮೇಲೆ ಕೂತಳು.

"ಇವತ್ತು ಏನು ಕಳ್ಕೊಳ್ಲಿ?" ಎಂದು ತಂಗಿ ಕೂಗಿದಳು.

"ಏನೂ ಬೇಡ. ನಿನ್ನ ಪಾಡಿಗೆ ಬೀಳು, ಏಳು."

ತಂಗಿ ಬಿದ್ದಳು. ನೊರೆಯೊಳಗಿಂದ ಎದ್ದು, ಕೈ ಎರಡೂ ಚಾಚಿ, ತಲೆ ಹಿಂದಕ್ಕೆ ಚೆಲ್ಲಿ ಮೈಯೆಲ್ಲ ಕುಲುಕಿಸಿ ನಕ್ಕಳು. ಗದ್ದದಕ್ಕ ಆಗ ಕ್ಯಾಮೆರಾದ ಗುಂಡಿ ಒತ್ತಿದಳು.

ಕೂಟದ ದಿನ ಆ ಚಿತ್ರ ಮೊಳೆಗೇರಿತು. ಕಪ್ಪು ಕಡಲು, ಬೆಳ್ಳಗೆ ಚಿಮ್ಮಿದ ನೊರೆ, ನಡುವೆ ಮಸಿಯಲ್ಲಿ ಬರೆದಂಥ ಒಂದು ಆಕೃತಿ. ಕಣ್ಣಿಲ್ಲ, ಮೂಗಿಲ್ಲ. ಕ್ಲಬ್ಬಿನ ಹಿರಿಯನೊಬ್ಬ ದೂರದಿಂದ ನೋಡಿ, "ಇದು ಮೋಡದಜ್ಜಂದೇ ಅಲ್ವಾ?" ಎಂದ. ಗದ್ದದಕ್ಕನಿಗೆ ಗೆದ್ದಷ್ಟು ಸಮಾಧಾನವಾಯಿತು. ಅವನು ಹತ್ತಿರ ಬಂದ. ಕನ್ನಡಕ ಸರಿಮಾಡಿಕೊಂಡ.

"ಅಲ್ಲಪ್ಪ. ಅಜ್ಜಂದಲ್ಲ."

ಗದ್ದದಕ್ಕ ತಂಗಿಯ ಮುಖ ನೋಡಿದಳು.

"ಅಜ್ಜನ ಚಿತ್ರದಲ್ಲಿ ಯಾರೂ ನಗಲ್ಲ," ಎಂದ ಅವನು. "ಮುಖಾನೇ ಕಾಣ್ತಿಲ್ಲ, ಆದ್ರೂ ಇವಳು ಹೇಗೆ ನಗ್ತಿದಾಳೆ ನೋಡಿ!" ಎಂದು ತಾನೂ ನಕ್ಕ. ಪಕ್ಕದವರೂ ನಕ್ಕರು.

ತಂಗಿ ಅಕ್ಕನ ತೋಳು ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ನನ್ನ ಮಾತು ಸುಳ್ಳಾಯ್ತಲ್ಲೇ ಅಕ್ಕ," ಎಂದಳು. "ನಿಂದು ಯಾವ್ದು ಅಂತ ಎಲ್ಲರಿಗೂ ಗೊತ್ತಾಗ್ತಿದೆ."