ನೀರು ಯಾವ ಕಡೆ ತಿರುಗಿತು?

"ಮೇಡಂ, ನೀವು ನೋಡಿದೀರಾ?"

ಈಚೆಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಕೇಳಿದ ಪ್ರಶ್ನೆ. "ಇಲ್ಲಮ್ಮ, ನೋಡಿಲ್ಲ" ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.

ಅಜ್ಜಂಪುರದಿಂದ ಆಚೆಗಿನ ಒಂದು ಹೈಸ್ಕೂಲು. (ಹೆಸರು ಬೇಡ. ಊರಿನ ತಪ್ಪೇನಿಲ್ಲ.) ಅಲ್ಲಿ ಹೊಸದಾಗಿ ವಿಜ್ಞಾನ ಸಂಘ ಶುರು ಮಾಡಿದ್ದರು. ಕಡೂರಿನಲ್ಲಿ ಫಿಸಿಕ್ಸ್ ಪಾಠ ಮಾಡುವ, ಪೇಪರಿನಲ್ಲೂ ಬರೆಯುವ ಹೆಂಗಸು ಅಂತ ನನ್ನನ್ನು ಕರೆಸಿದರು. ವಿಷಯ, ಸಂಶೋಧನೆ ಎಂದರೇನು?

ಮೂಢನಂಬಿಕೆಯ ಮೇಲೆ ಪೇಪರಿನ ಇದೇ ಜಾಗದಲ್ಲಿ ನಾನು ಎಷ್ಟು ಸಲ ಗುಡುಗಿದ್ದೇನೆ, ನಿಮಗೇ ಗೊತ್ತು. ಅಲ್ಲೂ ಗುಡುಗಿದೆ. "ಸಂಶೋಧನೆ ಅಂದ್ರೆ ಬಿಳಿ ಕೋಟು ಹಾಕ್ಕೊಂಡು ಗಾಜಿನ ಕೊಳವೆ ಅಲ್ಲಾಡಿಸೋದಲ್ಲ. ಯಾರು ಹೇಳಿದ್ರೂ ಸುಮ್ನೆ ಒಪ್ಕೋಬೇಡಿ. ನೀವೇ ನೋಡಿ. ಮತ್ತೆ ಮತ್ತೆ ನೋಡಿ. ನೋಡಿದ್ದಕ್ಕೂ ನಂಬಿದ್ದಕ್ಕೂ ತಾಳೆಯಾಗದೇ ಇದ್ರೆ, ನಂಬಿದ್ದನ್ನ ಬಿಡಿ." ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಉಬ್ಬಿದೆ.

ಉಬ್ಬಿದ ಮೇಲೆ ಒಂದು ಉದಾಹರಣೆ ಬೇಕಲ್ಲ? ಭೂಮಿ ತಿರುಗುವುದರಿಂದ ನಮ್ಮ ಅರ್ಧಗೋಳದಲ್ಲಿ ತೊಟ್ಟಿಯ ತೂತಿನಿಂದ ಇಳಿಯುವ ನೀರು ಯಾವಾಗಲೂ ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತುತ್ತದೆ, ಆಸ್ಟ್ರೇಲಿಯಾದಲ್ಲಿ ಮುಳ್ಳಿನಂತೆಯೇ ಸುತ್ತುತ್ತದೆ ಎಂದೆ. ಓದಿದ್ದು. ವರ್ಷಗಟ್ಟಲೆ ಕ್ಲಾಸಿನಲ್ಲಿ ಹೇಳಿಕೊಂಡು ಬಂದಿದ್ದು.

ಹಿಂದಿನ ಸಾಲಿನಲ್ಲಿ ಗಿರಿಜೆ ಎಂಬ ಹುಡುಗಿ ಎದ್ದು ನಿಂತಳು.

"ಮೇಡಂ, ನಮ್ಮನೇಲಿ ದನಕ್ಕೆ ನೀರಿಡೋ ತೊಟ್ಟಿ ನಾನೇ ತೊಳೆಯೋದು. ತೂತಿಗೆ ತುರುಕಿರೋ ಬಟ್ಟೆ ಕಿತ್ರೆ ಸುಳಿ ಏಳ್ತದೆ. ಅದು ಮುಳ್ಳಿನ ತರಾನೇ ತಿರುಗ್ತದೆ."

"ಸರಿಯಾಗಿ ನೋಡಿರಲ್ಲ ಕಣಮ್ಮ."

"ನೋಡಿದೀನಿ ಮೇಡಂ. ನೀವು ನೋಡಿದೀರಾ?"

ಸೊಕ್ಕಿನಿಂದ ಕೇಳಿದ್ದಲ್ಲ. ನಾನು ಆಗಷ್ಟೇ ಕಲಿಸಿದ್ದನ್ನು ನಂಬಿ ಕೇಳಿದ್ದು. ಹೆಡ್ಮಾಸ್ಟರು ಪಕ್ಕದಲ್ಲೇ ಕೂತಿದ್ದರು. ನನ್ನ ಕಿವಿ ಬಿಸಿಯಾಯಿತು.

"ಹಾಗಾದ್ರೆ ನಿಮ್ಮನೆ ಆಸ್ಟ್ರೇಲಿಯಾದಲ್ಲಿರಬೇಕು" ಎಂದುಬಿಟ್ಟೆ.

ಇಡೀ ಶಾಲೆ ನಕ್ಕಿತು. ಹೆಡ್ಮಾಸ್ಟರೂ ನಕ್ಕರು. ಗಿರಿಜೆ ಕೂತಳು. ಆಮೇಲೆ ಅವಳು ತಲೆ ಎತ್ತಿದ್ದನ್ನು ನಾನು ನೋಡಲಿಲ್ಲ. ಕಾಫಿ ಕುಡಿಯುವಾಗ ಹೆಡ್ಮಾಸ್ಟರು, "ಆ ಹುಡುಗೀದು ಬಾಯಿ ಸ್ವಲ್ಪ ಜಾಸ್ತಿ ಮೇಡಂ, ನಾನು ನೋಡ್ಕೊತೀನಿ ಬಿಡಿ" ಎಂದರು. ಬೇಡ ಎನ್ನಬಹುದಿತ್ತು. ಕಾಫಿ ಚೆನ್ನಾಗಿದೆ ಎಂದೆ.

ಕಡೂರಿಗೆ ವಾಪಸ್ಸು ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಹೊರಗೆ ಏನು ಕಂಡಿತೋ ನೆನಪಿಲ್ಲ. ಮನೆಗೆ ಬಂದವಳೇ ಬಚ್ಚಲಿನ ತೊಟ್ಟಿ ತುಂಬಿಸಿ, ತೂತಿನ ಬಟ್ಟೆ ಕಿತ್ತೆ. ನೀರು ಮುಳ್ಳಿನಂತೆಯೇ ಸುತ್ತಿತು. ಮತ್ತೆ ತುಂಬಿಸಿದೆ. ಈ ಸಲ ಉಲ್ಟಾ. ಮತ್ತೆ ತುಂಬಿಸಿದೆ. ಸುಳಿಯೇ ಏಳಲಿಲ್ಲ.

"ಏನೇ ಇದು, ನಾಳೆ ನಲ್ಲಿ ಬರಲ್ಲ ಕಣೇ" ಎಂದರು ನಮ್ಮವರು, ಬಾಗಿಲಲ್ಲಿ ನಿಂತು.

ಪುಸ್ತಕಗಳನ್ನು ತೆಗೆದೆ. ಭೂಮಿಯ ಪ್ರಭಾವ ಇರುವುದು ನಿಜ, ಆದರೆ ಅದು ಕಾಣುವುದು ಚಂಡಮಾರುತದಂಥ ಭಾರಿ ಸುಳಿಗಳಲ್ಲಿ. ಪುಟ್ಟ ತೊಟ್ಟಿಯಲ್ಲಿ ನಾವು ಕೈ ಆಡಿಸಿದ್ದು, ತೊಟ್ಟಿ ಓರೆಯಾಗಿದ್ದುದು, ಇವೇ ಭೂಮಿಗಿಂತ ಜೋರು. ಗಿರಿಜೆ ನೋಡಿದ್ದು ಸರಿ. ಮನೆಯಲ್ಲೇ ತೊಟ್ಟಿ ಇದ್ದರೂ ನಾನು ಒಂದು ದಿನ ಬಗ್ಗಿ ನೋಡಿರಲಿಲ್ಲ.

ಕಳೆದ ಶನಿವಾರ ಮತ್ತೆ ಹೋದೆ. ತೂತು ಕೊರೆಸಿದ ಒಂದು ಪ್ಲಾಸ್ಟಿಕ್ ಬೇಸಿನ್ನು ಜೊತೆಗಿತ್ತು. (ರೈಲಿನಲ್ಲಿ ಒಬ್ಬರು ಮಾರಾಟಕ್ಕಾ ಎಂದು ಕೇಳಿದರು.) ಗೇಟಿನ ಹತ್ತಿರ ಹುಡುಗರು ಕೂಗುತ್ತಿದ್ದುದು ಕೇಳಿಸಿತು. "ಲೇ, ಆಸ್ಟ್ರೇಲಿಯಾ ಬಂದ್ಲು ಕಣ್ರೋ." ಗಿರಿಜೆ ಚೀಲ ಎದೆಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಎಲ್ಲರ ಮುಂದೆ ಅವಳನ್ನು ಕರೆದು, "ನಿನ್ನ ತೊಟ್ಟೀಲಿ ನೀರು ಹೆಂಗೆ ತಿರುಗ್ತದೆ ಅಂತ ಇನ್ನೊಂದ್ಸಲ ಹೇಳಮ್ಮ" ಎಂದೆ.

ಅವಳು ಹೆಡ್ಮಾಸ್ಟರ ಕಡೆ ನೋಡಿದಳು. "ನಾನೇ ಸರಿಯಾಗಿ ನೋಡಿರ್ಲಿಲ್ಲ ಮೇಡಂ. ಆಮೇಲೆ ನೋಡ್ದೆ. ನೀವು ಹೇಳ್ದಂಗೇ ತಿರುಗ್ತದೆ."

"ಇಲ್ಲಮ್ಮ. ನೀನು ನೋಡಿದ್ದು ಸರಿ, ನಾನು ಹೇಳಿದ್ದು ತಪ್ಪು. ನೋಡದೆ ಹೇಳ್ದೆ. ಅದರ ಮೇಲೆ ನಿನ್ನ ನಗೆಪಾಟಲು ಮಾಡ್ದೆ. ಅದು ಇನ್ನೂ ದೊಡ್ಡ ತಪ್ಪು."

ಹೆಡ್ಮಾಸ್ಟರು ಎದ್ದು, "ನೋಡ್ರೋ ಮಕ್ಕಳಾ, ಮೇಡಮ್ಮೋರ ದೊಡ್ಡಗುಣ" ಎಂದರು. ಚಪ್ಪಾಳೆ. ಕ್ಷಮೆ ಕೇಳಲು ಹೋದವಳಿಗೆ ಸನ್ಮಾನವಾಯಿತು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಬೇಸಿನ್ನನ್ನು ಎರಡು ಬೆಂಚುಗಳ ನಡುವೆ ಇಟ್ಟು ನೀರು ತುಂಬಿಸಿದೆವು. ಮಕ್ಕಳು ಸುತ್ತ ಮುತ್ತಿಕೊಂಡರು. ತೂತಿನ ಬಿರಟೆ ಎಳೆಯಲು ಗಿರಿಜೆಗೇ ಹೇಳಿದೆ. ಎಳೆದಳು. ನೀರು ಸುತ್ತತೊಡಗಿತು.

"ಯಾವ ಕಡೆಗೆ?" ಎಂದೆ.

ತಲೆ ಎತ್ತಿ ನೋಡಿದೆ. ಗಿರಿಜೆ, ಅವಳಿಗೆ ಅಡ್ಡಹೆಸರಿಟ್ಟ ಹುಡುಗರು, ಎಲ್ಲರೂ ಉತ್ತರ ಹುಡುಕುತ್ತಿದ್ದದ್ದು ನನ್ನ ಮುಖದಲ್ಲಿ. ನೀರಿನ ಕಡೆ ಒಬ್ಬರ ಕಣ್ಣೂ ಇರಲಿಲ್ಲ.

ಇದನ್ನು ಅವರಿಗೆ ಕಲಿಸಿದ್ದು ನಾವೇ ತಾನೇ?